ಘಾಟಿಯ ಕೆಳಗಿನ ಊರಿಗೆ ಒಂದು ಎಲೆ

ಸಿಡ್ನಿಯ ಗಿರಾವೀನ್‌ನಲ್ಲಿದ್ದ ನಮ್ಮ ಬಾಡಿಗೆ ಮನೆಯಲ್ಲಿ ಸರಿಯಾಗಿ ಮುಚ್ಚಿಕೊಳ್ಳುತ್ತಿದ್ದ ಬಾಗಿಲು ಒಂದೇ. ಮುಂಬಾಗಿಲನ್ನು ಭುಜ ಕೊಟ್ಟು ತಳ್ಳಬೇಕಿತ್ತು. ಪಪ್ಪ ಅಮ್ಮನ ಕೋಣೆಯ ಬಾಗಿಲು ಚೌಕಟ್ಟಿಗೆ ತಾಗಿ ಅಲ್ಲೇ ನಿಲ್ಲುತ್ತಿತ್ತು. ನನ್ನ ಕೋಣೆಗೆ ಬಾಗಿಲೇ ಇರಲಿಲ್ಲ. ಹಾಲ್‌ನ ಮೂಲೆಗೆ ಅಮ್ಮನ ಹಳೆಯ ಸೀರೆಯೊಂದನ್ನು ಅಡ್ಡ ಕಟ್ಟಿ ಅದನ್ನೇ ಕೋಣೆ ಎಂದು ಕರೆದಿದ್ದೆವು. ಹಿತ್ತಲ ಕಡೆಯ ಕೋಣೆಯ ಬಾಗಿಲು ಮಾತ್ರ ಎಳೆದ ಕೂಡಲೇ ಟಕ್ಕನೆ ಕೂತು, ಒಳಗಿನ ಮಾತು ಒಳಗೇ ಉಳಿಯುವಂತೆ ಮುಚ್ಚಿಕೊಳ್ಳುತ್ತಿತ್ತು. ಬಾಡಿಗೆಗೆ ಮನೆ ನೋಡಲು ಹೊರಟವರಿಗೆ ನಾನು ಇವತ್ತಿಗೂ ಹೇಳುವುದು ಇದನ್ನೇ: ಏಜೆಂಟ್ ಅಡುಗೆಮನೆಯ ಹೊಸ ನಲ್ಲಿ ತೋರಿಸುತ್ತಿರುವಾಗ ನೀವು ಹೋಗಿ ಪ್ರತಿ ಬಾಗಿಲನ್ನೂ ಒಮ್ಮೆ ಹಾಕಿ ತೆಗೆದು ನೋಡಿ. ಗೋಡೆಯ ಬಿರುಕನ್ನು ಬಣ್ಣ ಮುಚ್ಚುತ್ತದೆ. ಮನೆ ಒಂದು ಕಡೆಗೆ ವಾಲಿದ್ದನ್ನು ಬಾಗಿಲು ಮುಚ್ಚಿಡುವುದಿಲ್ಲ. ಪಪ್ಪ ಹಾಗೆ ನೋಡಿರಲಿಲ್ಲ. ಉಡುಪಿಯಲ್ಲಿ ಬ್ಯಾಂಕಿನ ಗುಮಾಸ್ತರಾಗಿದ್ದವರು ಇಲ್ಲಿ ವೇರ್‌ಹೌಸ್‌ನಲ್ಲಿ ಪೆಟ್ಟಿಗೆ ಎತ್ತುತ್ತಿದ್ದರು. ಅಮ್ಮ ವೃದ್ಧರನ್ನು ನೋಡಿಕೊಳ್ಳುವ ಒಂದು ಸಂಸ್ಥೆಯ ಅಡುಗೆಮನೆಯಲ್ಲಿದ್ದಳು. ಒಳ್ಳೆಯ ಬಾಗಿಲಿನ ಕೋಣೆಯನ್ನು ನಾವೇ ಇಟ್ಟುಕೊಳ್ಳುವಷ್ಟು ಅನುಕೂಲ ಇನ್ನೂ ಬಂದಿರಲಿಲ್ಲ. ಅದನ್ನು ಬಾಡಿಗೆಗೆ ಕೊಟ್ಟೆವು. ಮನೆಯಲ್ಲಿ ನಮ್ಮ ಮಾತು ತುಳು. ಓದು ಬರಹ, ನಾನು ಉಡುಪಿಯ ಶಾಲೆಯಲ್ಲಿ ಕಲಿತಷ್ಟು, ಕನ್ನಡ. ಆ ಮನೆಯಲ್ಲಿ ಆಡಿದ ಮಾತುಗಳನ್ನು ಇಲ್ಲಿ ನಮ್ಮ ಕಡೆಯ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಆ ಕೋಣೆಗೆ ಬಂದವಳು ಮಾರ್ಸೆಲಾ. ಕೊಲಂಬಿಯಾದಿಂದ ಸ್ಟೂಡೆಂಟ್ ವೀಸಾದಲ್ಲಿ ಇಂಗ್ಲಿಷ್ ಕಲಿಯಲು ಸಿಡ್ನಿಗೆ ಬಂದಿದ್ದಳು. ಬೆಳಿಗ್ಗೆ ಕ್ಲಾಸು, ಸಂಜೆ ಹತ್ತಿರದ ಪ್ಯಾರಮಟ್ಟಾದ ಆಫೀಸುಗಳಲ್ಲಿ ಕ್ಲೀನಿಂಗ್ ಕೆಲಸ. ಕೋಣೆ ನೋಡಲು ಬಂದ ಭಾನುವಾರ ಪಪ್ಪ ಸೋಫಾದ ತುದಿಯಲ್ಲಿ ಬ್ಯಾಂಕಿನವರ ಹಾಗೆ ನೆಟ್ಟಗೆ ಕೂತು ಷರತ್ತು ಹೇಳಲು ಶುರು ಮಾಡಿದರು. ಅಮ್ಮ ಅಡುಗೆಮನೆಯಿಂದಲೇ ತಡೆದಳು. ಹುಡುಗಿ ಸ್ಟೇಷನ್ನಿನಿಂದ ಬಿಸಿಲಲ್ಲಿ ನಡೆದು ಬಂದಿದ್ದಾಳೆ, ಮೊದಲು ಊಟ ಮಾಡಲಿ ಎಂದಳು. ಅವತ್ತು ಕೋರಿ ರೊಟ್ಟಿ. ಅಂದರೆ ಕಾಗದದಷ್ಟು ತೆಳುವಾದ ಅಕ್ಕಿಯ ಒಣ ರೊಟ್ಟಿ, ಅದರ ಮೇಲೆ ತೆಂಗಿನಹಾಲಿನ ಕೋಳಿ ಸಾರು. ಸಾರು ಬೀಳುವ ಮೊದಲೇ ಮಾರ್ಸೆಲಾ ಒಂದು ರೊಟ್ಟಿಯನ್ನು ಎತ್ತಿ, ಬೆಳಕಿಗೆ ಹಿಡಿದು, ಎರಡೂ ಕೈಯಿಂದ ಮುರಿದಳು. ಆ ಸದ್ದಿಗೆ ಅವಳ ಮುಖವೇ ಬೇರೆಯಾಯಿತು. ಅವಳ ಊರಿನಲ್ಲೂ ಅಕ್ಕಿಹಿಟ್ಟಿಗೆ ಚೀಸ್ ಕಲಸಿ, ಬಳೆಯ ಹಾಗೆ ಸುತ್ತಿ, ಗರಿಗರಿಯಾಗಿ ಸುಡುತ್ತಾರಂತೆ. ಬೆಳಿಗ್ಗೆ ಹಾಸಿಗೆಯಲ್ಲಿ ಮಲಗಿರುವಾಗಲೇ ಆ ಮುರಿಯುವ ಸದ್ದು ಕೇಳಿದರೆ ಅಪ್ಪ ಎದ್ದಿದ್ದಾರೆ ಎಂದು ಗೊತ್ತಾಗುತ್ತಿತ್ತಂತೆ. ಷರತ್ತಿನ ಮಾತು ಆಮೇಲೆ ಬಂತು, ಬೇಗ ಮುಗಿಯಿತು. ವಾರ ಕಳೆಯುವುದರೊಳಗೆ ಅಮ್ಮ ಅವಳಿಗೆ ಮಾರ್ಸೆಲಕ್ಕ ಎಂದು ಹೆಸರಿಟ್ಟಿದ್ದಳು. ನಾನೂ ಹಾಗೇ ಕರೆದೆ. ಸಿಡ್ನಿಯಲ್ಲಿ ಎಲ್ಲ ಹೆಂಗಸರೂ ಆಂಟಿಯಾಗಿದ್ದ ಕಾಲದಲ್ಲಿ ನನಗೆ ಸಿಕ್ಕ ಅಕ್ಕ ಅವಳೊಬ್ಬಳೇ.

ಅಮ್ಮ ಉಡುಪಿಯಿಂದ ಬರುವಾಗ ಸೂಟ್‌ಕೇಸಿನಲ್ಲಿ ಒಂದು ಮೊರ ತಂದಿದ್ದಳು. ಏರ್‌ಪೋರ್ಟಿನಲ್ಲಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಬಿದಿರಿನೊಳಗೆ ಹುಳ ಇಲ್ಲವೆಂದು ಖಾತ್ರಿ ಮಾಡಿಕೊಂಡು ಬಿಟ್ಟಿದ್ದರು. ಕ್ಲೀನಿಂಗ್ ಇಲ್ಲದ ಸಂಜೆಗಳಲ್ಲಿ ಅಮ್ಮ ಮೊರದಲ್ಲಿ ಅಕ್ಕಿ ಹರಡಿಕೊಂಡು ಕೂತರೆ ಮಾರ್ಸೆಲಕ್ಕ ಎದುರಿಗೆ ಬಂದು ಕೂರುತ್ತಿದ್ದಳು. ನಿನ್ನ ಊರು ಯಾವ ತರಹದ್ದು ಎಂದು ನಾನು ಒಮ್ಮೆ ಕೇಳಿದ್ದಕ್ಕೆ ಅವಳು ಆ ಮೊರವನ್ನೇ ತನ್ನ ಕಡೆಗೆ ಎಳೆದುಕೊಂಡಳು. ಮೊರಕ್ಕೆ ಹಿಂದೆ ಎತ್ತರದ ಅಂಚಿದೆ, ಮುಂದೆ ಅಂಚೇ ಇಲ್ಲ, ನಡುವೆ ಸಪಾಟು. ಹಿಂದಿನ ಅಂಚಿನ ಮೇಲೆ ಬೆರಳಾಡಿಸಿ, ಇದು ಬೆಟ್ಟಸಾಲು ಎಂದಳು. ಅಂಚಿನ ಆಚೆ, ಎತ್ತರದಲ್ಲಿ, ಚಳಿಯಲ್ಲಿ, ದೇಶದ ರಾಜಧಾನಿ ಬೊಗೊಟಾ. ಈಚೆ, ಬೆಟ್ಟ ಇಳಿದು ಮುಗಿಯುವ ಮಡಿಕೆಯಲ್ಲಿ ಒಂದು ಕಡಲೆಕಾಳು ಇಟ್ಟಳು. ಅದು ಅವಳ ಊರು, ವಿಯಾವಿಸೆನ್ಸಿಯೊ. ಊರವರ ಬಾಯಲ್ಲಿ ಬರೀ ವಿಯಾವೊ. ಕಡಲೆಕಾಳಿನಿಂದ ಮುಂದಕ್ಕೆ ಅಂಗೈಯಿಂದ ಅಕ್ಕಿಯನ್ನು ತೆಳ್ಳಗೆ ಸವರುತ್ತಾ ಹೋದಳು. ಅಕ್ಕಿ ಮೊರದ ಬಾಯಿ ದಾಟಿ ಮೇಜಿನ ಮೇಲೂ ಬಿತ್ತು, ಅಮ್ಮ ತಡೆಯಲಿಲ್ಲ. ಇದೆಲ್ಲ ಬಯಲು, ಹುಲ್ಲು, ನದಿಗಳು. ಇನ್ನೊಂದು ದೇಶ ಸಿಗುವವರೆಗೂ ಬಯಲೇ ಎಂದಳು. ಆ ಬಯಲುಸೀಮೆಯ ಪ್ರಾಂತ್ಯಕ್ಕೆ ಅವಳ ಊರೇ ರಾಜಧಾನಿ. ಅಮ್ಮ ಕಡಲೆಕಾಳನ್ನು ನೋಡಿ, ಇದು ನಮ್ಮ ಹೆಬ್ರಿಯ ಹಾಗೇ ಉಂಟಲ್ಲ ಎಂದಳು. ಆಗುಂಬೆ ಘಾಟಿಯ ಬುಡದ ಹೆಬ್ರಿ ಅಮ್ಮನ ತವರು. ಅಲ್ಲಿಂದಾಚೆಗೆ ನಮ್ಮ ಮನೆಯಲ್ಲಿ ಬೊಗೊಟಾಕ್ಕೆ ಹೋಗುವ ರಸ್ತೆಗೂ ಘಾಟಿ ಎಂದೇ ಹೆಸರಾಯಿತು.

ವಿಯಾವೊ ತಾನೇ ಬೆಳೆಯುವುದು ಕಡಿಮೆ, ಹಾದುಹೋಗುವ ಸರಕೇ ಅದರ ಬೆಳೆ. ಇದನ್ನು ನಾನು ಹತ್ತನೆಯ ವಯಸ್ಸಿನಲ್ಲಿ ಅಡುಗೆಮನೆಯ ಮೇಜಿನ ಮೇಲೆ ಕಲಿತೆ. ಆಮೇಲೆ ಯಾವ ಕಾಲೇಜಿನಲ್ಲೂ ಇದಕ್ಕಿಂತ ದೊಡ್ಡದನ್ನು ಕಲಿಯಲಿಲ್ಲ. ಬಯಲಿನಲ್ಲಿ ಭತ್ತ, ದನ, ಪದಾರ್ಥಕ್ಕೆ ಹಾಕುವ ದಪ್ಪ ಬಾಳೆಕಾಯಿ, ಎಣ್ಣೆ ತೆಗೆಯುವ ತಾಳೆ. ಇನ್ನೂ ಒಳಗೆ ಹೋದರೆ ಪೆಟ್ರೋಲಿನ ಬಾವಿಗಳು. ತಿನ್ನುವ ಬಾಯಿಗಳೆಲ್ಲ ಬೆಟ್ಟದ ಮೇಲೆ. ಎರಡರ ನಡುವೆ ಘಾಟಿ ರಸ್ತೆ ಒಂದೇ, ಆ ರಸ್ತೆಯ ಬುಡದಲ್ಲಿ ವಿಯಾವಿಸೆನ್ಸಿಯೊ. ಹಾಗಾಗಿ ಊರಿನ ತುಂಬ ಅಕ್ಕಿ ಗಿರಣಿ, ದನದ ಸಂತೆ, ಟಯರಿನ ಅಂಗಡಿ, ಹಗ್ಗದ ತೂಗುಮಂಚ ಮಾರುವವರು, ಸರಕಾರಿ ಕಚೇರಿಗಳು, ಚಳಿ ತಡೆಯಲಾರದೆ ರಜೆಯಲ್ಲಿ ಬೆಟ್ಟ ಇಳಿದು ಬರುವವರಿಗೆ ಹೋಟೆಲುಗಳು. ಅಲ್ಲಿ ಬೇಸಿಗೆ ಚಳಿಗಾಲ ಎಂಬುದಿಲ್ಲ, ಮಳೆ ಇರುವ ತಿಂಗಳು ಮತ್ತು ಇಲ್ಲದ ತಿಂಗಳು, ಅಷ್ಟೇ. ಮಳೆ ಹಿಡಿದರೆ ಬಯಲಿನಲ್ಲಿ ನೀರು ನಿಂತು ದನಗಳು ದಿಣ್ಣೆ ಹತ್ತುತ್ತವೆ, ಘಾಟಿಯಲ್ಲಿ ಗುಡ್ಡ ಜರಿಯುತ್ತದೆ. ಗುಡ್ಡ ಜರಿದ ಗಳಿಗೆಯಿಂದ ಒಂದೇ ಬಾಳೆಕಾಯಿಗೆ ಎರಡು ಬೆಲೆ. ಮೇಲೆ ರಾಜಧಾನಿಯಲ್ಲಿ ಅದು ಕೈಗೆ ಸಿಗುವುದಿಲ್ಲ, ಕೆಳಗೆ ವಿಯಾವೊದಲ್ಲಿ ಹಂದಿಗೆ ಹಾಕುತ್ತಾರೆ. ನಡುವೆ ಇರುವುದು ಒಂದಿಷ್ಟು ಕೆಸರು ಮಣ್ಣು. ಬೆಲೆ ಎನ್ನುವುದು ವಸ್ತುವಿನೊಳಗೆ ಇರುತ್ತದೆ ಎಂದುಕೊಂಡವರು ವ್ಯಾಪಾರಕ್ಕೆ ಇಳಿಯಬೇಡಿ. ಬೆಲೆ ಇರುವುದು ದಾರಿಯಲ್ಲಿ.

ಮಾರ್ಸೆಲಕ್ಕನ ಅಪ್ಪ ಅನ್ಸೆಲ್ಮೊ ಅವರದ್ದು ಘಾಟಿ ಶುರುವಾಗುವಲ್ಲಿ ಒಂದು ದೊಡ್ಡ ಅಂಗಳ. ರಸ್ತೆ ಬಂದ್ ಆದರೆ ಲಾರಿಗಳು ಅಲ್ಲಿ ನಿಲ್ಲುತ್ತಿದ್ದವು. ಅವರು ಕರಿ ಕಾಫಿ ಮತ್ತು ಅಕ್ಕಿಯ ಬಳೆರೊಟ್ಟಿ ಮಾರುತ್ತಿದ್ದರು, ಪಂಕ್ಚರ್ ಹಾಕಿಸುತ್ತಿದ್ದರು. ಕಾಯಲಾರದ ಸರಕು ಇದ್ದವರನ್ನು ಊರಿನ ಕೊಳ್ಳುವವರ ಜೊತೆ ಕೂರಿಸಿ ವ್ಯಾಪಾರ ಕುದುರಿಸುತ್ತಿದ್ದರು. ಅವರದೊಂದು ನಿಯಮವಿತ್ತು. ಡ್ರೈವರ್ ತಿಂದು ಮುಗಿಸುವವರೆಗೆ ಅವನೆದುರು ಯಾರೂ ಬೆಲೆಯ ಮಾತು ಎತ್ತುವಂತಿಲ್ಲ. ಇದು ಧರ್ಮಕ್ಕಲ್ಲ ಎಂದು ಮಾರ್ಸೆಲಕ್ಕ ನಗುತ್ತಿದ್ದಳು. ಹಸಿದವನು ಯಾವ ಬೆಲೆಗೂ ಹೂಂ ಅನ್ನುತ್ತಾನೆ, ಹೊಟ್ಟೆ ತುಂಬಿದ ಮೇಲೆ ಮೋಸ ಹೋದೆ ಅನ್ನಿಸುತ್ತದೆ, ಮುಂದಿನ ಮಳೆಗೆ ಪಕ್ಕದ ಅಂಗಳದಲ್ಲಿ ಲಾರಿ ನಿಲ್ಲಿಸುತ್ತಾನೆ. ಈಗ ಮೆಲ್ಬರ್ನ್‌ನಲ್ಲಿ ನನ್ನದೇ ಲಾರಿಗಳಿವೆ. ಹಳೆಯ ವ್ಯಾನ್ ಒಂದರಿಂದ ಶುರು ಮಾಡಿ, ಉತ್ತರದಿಂದ ಬಾಳೆಹಣ್ಣು, ಸೊಪ್ಪು, ಶುಂಠಿ ತರಿಸಿ ಮಾರುತ್ತೇನೆ. ಮೆಲ್ಬರ್ನಿನ ಸಗಟು ಮಾರ್ಕೆಟ್ಟಿನಲ್ಲಿ ನನ್ನನ್ನು ಜಿಪುಣಿ ಎನ್ನುವವರಿದ್ದಾರೆ. ಆದರೆ ನನ್ನ ಶೆಡ್ಡಿಗೆ ಬಂದ ಯಾವ ರೈತನೂ ಚಹಾ ಕುಡಿಯದೆ ನನ್ನ ಬಾಯಿಂದ ಬೆಲೆ ಕೇಳಿಲ್ಲ. ಬಂದವರು ಮತ್ತೆ ಬಂದಿದ್ದಾರೆ. ಹೊಸದಾಗಿ ವ್ಯಾಪಾರಕ್ಕೆ ಇಳಿಯುವವರು ಬೇರೆಲ್ಲ ಮರೆತರೂ ಇದನ್ನು ಮರೆಯಬೇಡಿ.

ಮಾರ್ಸೆಲಕ್ಕ ನಮ್ಮಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ, ಜುಲೈ ಶುರುವಿನಲ್ಲಿ, ಅವಳಿಗೆ ಊರಿನಿಂದ ಫೋನ್ ಬಂತು. ಅನ್ಸೆಲ್ಮೊ ಅವರಿಗೆ ಎದೆನೋವು ಬಂದಿತ್ತು. ಬೊಗೊಟಾದ ದೊಡ್ಡ ಆಸ್ಪತ್ರೆಗೆ ಸಾಗಿಸಲು ಹೊರಟರೆ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಬಂದ್. ಆಂಬ್ಯುಲೆನ್ಸು ಅವರದ್ದೇ ಅಂಗಳದ ಮುಂದೆ ನಿಂತ ಲಾರಿ ಸಾಲಿನಲ್ಲಿ ಸಿಕ್ಕಿಕೊಂಡಿತು. ಮಣ್ಣು ತೆಗೆಯುವಷ್ಟರಲ್ಲಿ ಅವರು ತೀರಿಹೋಗಿದ್ದರು. ಅಲ್ಲಿ ಬೇಗ ಮಣ್ಣು ಮಾಡುತ್ತಾರೆ. ಇವಳು ಟಿಕೆಟ್ಟಿಗೆ ಹಣ ಹೊಂದಿಸಿಕೊಂಡು, ವೀಸಾ ಕೆಡದ ಹಾಗೆ ಕಾಲೇಜಿನ ಅನುಮತಿ ತೆಗೆದುಕೊಂಡು ಹೋಗುವುದರಲ್ಲಿ ಎಲ್ಲ ಮುಗಿದಿರುತ್ತಿತ್ತು. ಅವಳು ಹೋಗಲಿಲ್ಲ. ಆ ಒಳ್ಳೆಯ ಬಾಗಿಲು ಟಕ್ಕನೆ ಮುಚ್ಚಿಕೊಂಡಿತು. ಅವಳು ಕೆಲಸಕ್ಕೆ ಹೋಗುತ್ತಿದ್ದಳು, ಬರುತ್ತಿದ್ದಳು, ನಮ್ಮ ಜೊತೆ ಊಟಕ್ಕೆ ಕೂರುತ್ತಿರಲಿಲ್ಲ. ಅಮ್ಮ ತಟ್ಟೆ ಮಾಡಿ ಬಾಗಿಲ ಹೊರಗಿಟ್ಟರೆ ಬೆಳಿಗ್ಗೆ ಹಾಗೇ ಇರುತ್ತಿತ್ತು. ಭಾನುವಾರದ ರೊಟ್ಟಿಯೂ ಮುರಿಯದೆ ಇಡಿಯಾಗಿ ಹಿಂದಕ್ಕೆ ಬಂತು. ಅವಳ ಕೊರಳೆಲುಬು ಸ್ವೆಟರಿನ ಮೇಲಿನಿಂದಲೂ ಕಾಣತೊಡಗಿತು. ಅಮ್ಮ ಆ ಮುಟ್ಟದ ತಟ್ಟೆಗಳನ್ನು ತೊಳೆದು ರಾತ್ರಿಗೆ ಮತ್ತೆ ಬಡಿಸಿಡುತ್ತಿದ್ದಳು. ಅಜ್ಜ ಹೆಬ್ರಿಯಲ್ಲಿ ತೀರಿಕೊಂಡಾಗ ನಾವು ಸಿಡ್ನಿಗೆ ಬಂದು ಸ್ವಲ್ಪ ಕಾಲವಾಗಿತ್ತಷ್ಟೇ. ಅಮ್ಮನಿಗೂ ಹೋಗಲು ಆಗಿರಲಿಲ್ಲ.

ಅಷ್ಟರಲ್ಲಿ ಆಟಿ ಬಂತು. ಊರಲ್ಲಿ ಅದು ಮಳೆ ಬಿಡದೆ ಹೊಯ್ಯುವ ತಿಂಗಳು. ತೀರಿಹೋದ ನಮ್ಮ ಕುಟುಂಬದವರನ್ನು ಕುಲೆಗಳು ಎನ್ನುತ್ತೇವೆ, ಆಟಿಯಲ್ಲಿ ಅವರಿಗೆ ಬಡಿಸಬೇಕು. ಬಾಗಿಲು ಮುಚ್ಚುವ ಒಂದು ಕೋಣೆಯಲ್ಲಿ ಸಾಲಾಗಿ ಬಾಳೆಲೆ ಹಾಕಿ, ಯಾರಿಗೆ ಯಾವುದು ಇಷ್ಟವಿತ್ತೋ ಅದನ್ನು ಬಡಿಸಿ, ಒಬ್ಬೊಬ್ಬರನ್ನೂ ಊರು ಮನೆ ಹೆಸರು ಹೇಳಿ ಕರೆದು, ಬಾಗಿಲು ಹಾಕಿಕೊಂಡು ಹೊರಗೆ ಸದ್ದಿಲ್ಲದೆ ನಿಲ್ಲಬೇಕು. ಅವರು ಉಂಡ ಮೇಲೆ ಬಾಗಿಲು ತಟ್ಟಿ, ತೆಗೆದು, ಅದೇ ಅಡುಗೆಯನ್ನು ನಾವು ಉಣ್ಣಬೇಕು. ನಮ್ಮಲ್ಲಿ ಕುಟುಂಬ ಅಂದರೆ ತಾಯಿಯ ಕಡೆಯದು. ಆದ್ದರಿಂದ ಇದು ಅಮ್ಮನ ಮನೆಯಲ್ಲಿ ನಡೆಯಬೇಕು, ನಡೆಸಬೇಕಾದವರು ಅಮ್ಮನ ಅಣ್ಣ, ನನ್ನ ಮಾಮ. ಮಾಮ ಮೆಲ್ಬರ್ನ್‌ನಲ್ಲಿ ಇಂಜಿನಿಯರ್. ವರ್ಷಕ್ಕೊಮ್ಮೆ ಇದಕ್ಕೆಂದೇ ಕಾರಿನಲ್ಲಿ ಬಂದು, ಶನಿವಾರ ಸಂಜೆ ಬಡಿಸಿ, ಉಂಡ ಕೂಡಲೇ ಹೊರಟು, ಅರ್ಧ ದಾರಿಯ ಆಲ್ಬರಿಯಲ್ಲಿ ಗೆಳೆಯನ ಮನೆಯಲ್ಲಿ ಉಳಿದು ವಾಪಸಾಗುವುದು ಅವರ ಪದ್ಧತಿ. ಬಾಗಿಲು ಮುಚ್ಚುವ ಕೋಣೆ ನಮ್ಮಲ್ಲಿ ಒಂದೇ, ಅದರಲ್ಲಿ ಮಾರ್ಸೆಲಕ್ಕ ಇದ್ದಳು. ಒಂದು ಸಂಜೆಯ ಮಟ್ಟಿಗೆ ಕೋಣೆ ಬಿಟ್ಟುಕೊಡುತ್ತೀಯಾ ಎಂದು ಅಮ್ಮ ತನ್ನ ತಡವರಿಸುವ ಇಂಗ್ಲಿಷಿನಲ್ಲಿ ಕೇಳಿ, ಯಾಕೆಂಬುದನ್ನೂ ಹೇಳಿದಳು. ಮಾರ್ಸೆಲಕ್ಕ ಬಾಗಿಲ ಹಿಡಿ ಹಿಡಿದುಕೊಂಡೇ ಕೇಳಿದಳು. ಆಮೇಲೆ ಒಂದೇ ಮಾತು ಕೇಳಿದಳು.

“ನನ್ನ ಅಪ್ಪ ಬರಬಹುದಾ?”

ಅಮ್ಮ ಯೋಚಿಸಲಿಲ್ಲ. ಬರಲಿ ಎಂದುಬಿಟ್ಟಳು. ಆ ದಿನ ಮಾರ್ಸೆಲಕ್ಕ ತಟ್ಟೆಯಿಂದ ಎರಡು ತುತ್ತು ತಿಂದಿದ್ದಳು, ಅದನ್ನು ಅಮ್ಮ ನನಗೆ ಕರೆದು ತೋರಿಸಿದಳು.

ಶನಿವಾರ ಮಧ್ಯಾಹ್ನ ಮಾಮ ಬಂದು ಶೂ ಬಿಚ್ಚುವಷ್ಟರಲ್ಲಿ ಅಮ್ಮ ವಿಷಯ ಹೇಳಿದಳು. ಅಡುಗೆಮನೆಯಲ್ಲಿ ಕೋಳಿ ಹುರಿಯುತ್ತಿತ್ತು, ಪಪ್ಪ ಹೊಗೆಗೆ ಕೂಗಿಕೊಳ್ಳದಿರಲೆಂದು ಸ್ಮೋಕ್ ಅಲಾರ್ಮಿಗೆ ಸ್ನಾನದ ಟೋಪಿ ತೊಡಿಸಿ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದರು. ಫ್ರೀಜರಿನಿಂದ ತೆಗೆದ ಬಾಳೆಲೆಗಳು ಸಿಂಕಿನಲ್ಲಿ ಕರಗುತ್ತಿದ್ದವು.

“ತಲೆ ಸರಿ ಉಂಟಾ ಸುಮತಿ? ಇದೆಂತ ಮದುವೆಯ ಬಫೆಯಾ, ಬಂದವರೆಲ್ಲ ಪ್ಲೇಟ್ ಹಿಡಿಲಿಕ್ಕೆ?”

“ನಾನು ಬರ್ಲಿ ಹೇಳಿ ಆಯ್ತು ಅಣ್ಣ.”

“ಆದದ್ದನ್ನು ಇಲ್ಲ ಮಾಡು. ಸಾರಿ ಹೇಳು. ಇಲ್ಲಿಯವರಿಗೆ ಸಾರಿ ಅಭ್ಯಾಸ ಉಂಟು.”

“ಅವಳು ಉಣ್ಣುದಿಲ್ಲ. ನೀವೇ ನೋಡಿ ಅವಳನ್ನು.”

ಮಾಮ ನೋಡಲು ಹೋಗಲಿಲ್ಲ. ಕಾರಣ ಕೊಡಲು ಶುರು ಮಾಡಿದರು. ಆ ಮನುಷ್ಯ ನಮ್ಮ ಕುಟುಂಬದವನಲ್ಲ. ಇಗರ್ಜಿಗೆ ಹೋಗುವ ಕ್ರೈಸ್ತ, ಸುಟ್ಟದ್ದಲ್ಲ, ಹೂತದ್ದು. ದನ ತಿನ್ನುವವನು, ಇಷ್ಟದ್ದು ಬಡಿಸಬೇಕಾದರೆ ಏನು ಬಡಿಸುವುದು? ತುಳು ಬಾರದವನನ್ನು ಯಾವ ಭಾಷೆಯಲ್ಲಿ ಕರೆಯುವುದು? ಅಮ್ಮ ತೆಂಗಿನಕಾಯಿ ತುರಿಯುತ್ತಿದ್ದಳು, ತುರಿಯುವ ರಭಸ ಹೆಚ್ಚಾಗುತ್ತಿತ್ತು. ನಾನು ಪಪ್ಪನ ಮುಖ ನೋಡಿದೆ. ಅವರು ಬೆಳ್ಳುಳ್ಳಿಯಿಂದ ಕಣ್ಣೆತ್ತದೆ ಮೆಲ್ಲಗೆ ಹೇಳಿದರು:

“ನನ್ನನ್ನು ನೋಡಬೇಡ ಮಗಾ. ಈ ವಿಷಯದಲ್ಲಿ ನಾನು ಅಳಿಯ. ಅಳಿಯನಿಗೆ ಊಟ ಉಂಟು, ವೋಟು ಇಲ್ಲ.”

ನನ್ನ ಬದುಕಿನ ಮೊದಲ ವ್ಯವಹಾರ ನಡೆದದ್ದು ಅಲ್ಲಿ, ಆ ಸಿಂಕಿನ ಪಕ್ಕದಲ್ಲಿ. ಎದುರಿಗಿದ್ದವನು ಬೇಡ ಎನ್ನಲು ಕಾರಣದ ಮೇಲೆ ಕಾರಣ ಕೊಡುತ್ತಿದ್ದರೆ ಅವನ್ನು ಒಂದೊಂದಾಗಿ ಕಡಿಯಲು ಹೋಗಬೇಡಿ. ಒಂದು ಬಿದ್ದರೆ ಇನ್ನೊಂದು ಹುಟ್ಟುತ್ತದೆ. ನಿಜವಾದದ್ದು ಅದರಲ್ಲಿ ಇರುವುದೇ ಇಲ್ಲ. ಅವನು ಹೇಳದೆ ಬಿಟ್ಟದ್ದು ಯಾವುದು ಎಂದು ನೋಡಿ, ಸಾಮಾನ್ಯವಾಗಿ ಅದು ಯಾವುದೋ ಒಂದು ಭಯ. ಇದೆಲ್ಲ ಈಗ ಮಾತಿನಲ್ಲಿ ಹೇಳಬಲ್ಲೆ. ಅವತ್ತು ನನಗೆ ಕಂಡದ್ದು ಇಷ್ಟೇ, ಮಾಮ ಮಾತಾಡುವಾಗ ಪದೇ ಪದೇ ಹಾಲ್‌ನ ಮೂಲೆಯ ಸೀರೆಯ ಕಡೆ, ನನ್ನ ಬಾಗಿಲಿಲ್ಲದ ಕೋಣೆಯ ಕಡೆ ನೋಡುತ್ತಿದ್ದರು.

“ಮಾಮ, ನಿಮಗೆ ಹೆದರಿಕೆಯಾ?”

ತುರಿಯುವ ಸದ್ದು ನಿಂತಿತು. ಬೈಯುತ್ತಾರೆ ಅಂದುಕೊಂಡೆ. ಮಾಮ ಕುರ್ಚಿ ಎಳೆದು ನನ್ನ ಎತ್ತರಕ್ಕೆ ಕೂತರು.

“ಕರೆಯುವುದು ಸುಲಭ ಮಗಾ. ಕಳಿಸಬೇಕಲ್ಲ? ನಮ್ಮವರಿಗೆ ಹೋಗ್ಲಿಕ್ಕೆ ಹೆಬ್ರಿ ಉಂಟು, ದಾರಿ ಗೊತ್ತುಂಟು. ಈ ಪರದೇಶದವನು ಉಂಡು ಇಲ್ಲೇ ಕೂತುಬಿಟ್ರೆ? ನೀನು ಮಲಗುವ ಮನೆ ಇದು.”

ನಾನು ಹೋಗಿ ಮೊರ ತಂದೆ. ಅದರಲ್ಲಿ ಅಕ್ಕಿ ಇತ್ತು, ಕಡಲೆಕಾಳು ಡಬ್ಬಿಯಿಂದ ತೆಗೆದೆ. ಬೆಟ್ಟ ತೋರಿಸಿದೆ, ಬಯಲು ಸವರಿದೆ, ಮಡಿಕೆಯಲ್ಲಿ ಕಾಳು ಇಟ್ಟೆ. ಭತ್ತ ಎಲ್ಲಿಂದ ಬರುತ್ತದೆ, ದನ ಎಲ್ಲಿಂದ, ಬಾಳೆಕಾಯಿ ಯಾರಿಗೆ ಬೇಕು, ರಸ್ತೆ ಒಂದೇ ಯಾಕೆ, ಗುಡ್ಡ ಎಲ್ಲಿ ಜರಿಯುತ್ತದೆ, ಲಾರಿಗಳು ಎಲ್ಲಿ ನಿಲ್ಲುತ್ತವೆ, ಎಲ್ಲ ಹೇಳಿದೆ. ಉಸಿರು ಬಿಡದೆ ಹೇಳಿರಬೇಕು. ಪಪ್ಪನೂ ಬೆಳ್ಳುಳ್ಳಿ ಬಿಟ್ಟು ಕೇಳುತ್ತಿದ್ದರು.

“ಅವರು ಇಲ್ಲಿ ಯಾಕೆ ಕೂತ್ಕೊಳ್ತಾರೆ ಮಾಮ? ಅಲ್ಲಿ ಘಾಟಿ ಬಂದ್ ಆದ್ರೆ ಅಷ್ಟು ಲಾರಿ ಬಂದು ನಿಲ್ತದೆ. ಅವರಿಗೆಲ್ಲ ಕಾಫಿ ಕೊಡ್ಲಿಕ್ಕೆ ಉಂಟು. ಗಿರಾವೀನ್‌ನಲ್ಲಿ ಅವರಿಗೆ ಎಂತ ವ್ಯಾಪಾರ?”

ಮಾಮನ ತುಟಿಯ ಒಂದು ಮೂಲೆ ಮಾತ್ರ ನಕ್ಕಿತು. ಅವರು ಕಡಲೆಕಾಳನ್ನು ಬೆರಳಿನಿಂದ ಮುಟ್ಟಿದರು.

“ಅಲ್ಲಿ ಈಗ ಮಳೆಯಾ?”

“ಜೋರು ಮಳೆ.”

ಕಿಟಕಿಯ ಹೊರಗೆ ಸಿಡ್ನಿಯ ಚಳಿಗಾಲದ ಒಣ ಬಿಸಿಲು. ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ. ಮಾಮ ಅದನ್ನೇ ಸುಮಾರು ಹೊತ್ತು ನೋಡಿದರು. ಮೆಲ್ಬರ್ನ್‌ನಿಂದ ವರ್ಷ ವರ್ಷ ಕಾರು ಓಡಿಸಿಕೊಂಡು ಬಂದು ಈ ಬಿಸಿಲಿನಲ್ಲೇ ಅವರು ಆಟಿ ಬಡಿಸಿದ್ದರು.

“ಹಾಗಾದ್ರೆ ಆಟಿ ಅಲ್ಲಿ ಉಂಟು,” ಎಂದರು.

ಒಪ್ಪಿದರು ಎಂದು ಕುಣಿಯುವ ಹಾಗಿರಲಿಲ್ಲ, ಷರತ್ತು ಬಂತು. ಎಲೆ ಗರಾಜಿನಲ್ಲಿ ಹಾಕುವುದು, ಹೊರಗಿನವರಿಗೆ ಹೊರಗೆ. ಗರಾಜಿನ ಶಟರ್ ಕೆಳಗಿನಿಂದ ಗಾಳಿ ನುಗ್ಗುತ್ತದೆ, ಬಂದವರನ್ನು ಅಲ್ಲಿ ಕೂರಿಸುವುದಾ ಎಂದು ನಾನು ಕೇಳಿದೆ. ಕೊನೆಗೆ ಕೋಣೆಯೊಳಗೇ, ಆದರೆ ಬಾಗಿಲ ಹತ್ತಿರ, ನಮ್ಮವರ ಸಾಲಿನಿಂದ ಸ್ವಲ್ಪ ಬಿಟ್ಟು ಎಂದು ತೀರ್ಮಾನವಾಯಿತು. ದನದ ಮಾಂಸ ಈ ಮನೆಗೆ ಬರುವುದಿಲ್ಲ. ಮಾರ್ಸೆಲಕ್ಕ ಅದನ್ನು ಕೇಳಲೂ ಇಲ್ಲ; ಅಕ್ಕಿಯ ರೊಟ್ಟಿ ಸಾಕು, ಕರಿ ಕಾಫಿ ಇರಲಿ, ಸಕ್ಕರೆ ಹೆಚ್ಚು ಎಂದಳು. ಇನ್ನೊಂದು ಷರತ್ತನ್ನು ಮಾಮ ಅವಳಿಗೇ ಹೇಳಿದರು, ಇಂಗ್ಲಿಷಿನಲ್ಲಿ, ಅವಳ ಬಾಗಿಲ ಮುಂದೆ ನಿಂತು. ಕರೆಯುವವನು ನಾನು. ಕಳಿಸಬೇಕಾದವಳು ನೀನು. ಊಟ ಆದ ಮೇಲೆ ಒಳಗೆ ಹೋಗಿ, ಇನ್ನು ಹೊರಡಿ ಎಂದು ನಿನ್ನ ಬಾಯಲ್ಲೇ ಹೇಳಬೇಕು. ಆಗುತ್ತದಾ? ಅವಳು ಮಾಮನ ಮುಖವನ್ನೇ ನೋಡುತ್ತಾ ನಿಂತಳು. ಅಪ್ಪನಿಗೆ ಹೋಗು ಎನ್ನಲು ಆಗುತ್ತದಾ ಎಂಬುದು ಪ್ರಶ್ನೆ. ಆಮೇಲೆ ಹೂಂ ಎಂದು ತಲೆಯಾಡಿಸಿದಳು.

ಹೊತ್ತು ಮುಳುಗುತ್ತಿದ್ದ ಹಾಗೆ ಎಲೆ ಹಾಕಿದೆವು. ಅವಳ ಮಂಚವನ್ನು ಗೋಡೆಗೆ ಒರಗಿಸಿ ಎತ್ತಿ ನಿಲ್ಲಿಸಿದ್ದರು, ಇಂಗ್ಲಿಷ್ ಪುಸ್ತಕಗಳು ಕಿಟಕಿಯ ಕಟ್ಟೆ ಮೇಲೆ. ನಮ್ಮವರಿಗೆ ಕುಚ್ಚಲಕ್ಕಿ ಅನ್ನ, ಕೋಳಿ ಪದಾರ್ಥ, ಒಣಮೀನಿನ ಚಟ್ನಿ. ಅಜ್ಜನಿಗೆ ಒಂದು ಗ್ಲಾಸಿನಲ್ಲಿ ಬ್ರಾಂದಿ. ಬಾಗಿಲ ಹತ್ತಿರದ ಎಲೆಯಲ್ಲಿ ರೊಟ್ಟಿ, ನೆನೆಯದಿರಲೆಂದು ಸಾರು ಬೇರೆ ಬಟ್ಟಲಲ್ಲಿ, ಹಬೆಯಾಡುವ ಕಾಫಿ. ಮಾಮ ಮುಂಡು ಉಟ್ಟು ನಿಂತು ನಮ್ಮವರನ್ನು ಒಬ್ಬೊಬ್ಬರಾಗಿ ಕರೆದರು, ಹೆಬ್ರಿಯ ಮನೆಯ ಹೆಸರು ಹಿಡಿದು. ಅಜ್ಜನ ಹೆಸರನ್ನು ಅವರು ಎರಡು ಸಲ ಹೇಳಿದರು, ಅಮ್ಮ ಸೆರಗು ಬಾಯಿಗೆ ಹಿಡಿದಳು. ಆಮೇಲೆ ಮಾಮ ನನ್ನ ಕಡೆ ತಿರುಗಿದರು. ಎಲ್ಲಿಂದ ಕರೆಯುವುದು ಹೇಳು ಎಂದರು. ನಾನು ಹೇಳಿದ ಹಾಗೇ ಅವರು ತುಳುವಿನಲ್ಲಿ ಜೋರಾಗಿ ಹೇಳುತ್ತಾ ಹೋದರು: ದೊಡ್ಡ ಬಯಲಿನ ತಲೆಯಲ್ಲಿ, ಬೆಟ್ಟ ಮುಗಿಯುವ ಮಡಿಕೆಯಲ್ಲಿ, ಅಕ್ಕಿ ಗಿರಣಿಗಳ ಊರು ವಿಯಾವಿಸೆನ್ಸಿಯೊ, ಊರ ಕೊನೆಯಲ್ಲಿ, ಘಾಟಿ ಹತ್ತುವ ಮೊದಲು, ಬಾಳೆಕಾಯಿಯ ಲಾರಿಗಳು ಕಾಯುವ ಅಂಗಳ, ಅಂಗಳದ ಯಜಮಾನ ಅನ್ಸೆಲ್ಮೊ, ಬನ್ನಿ, ನಿಮ್ಮ ಮಗಳು ಇಲ್ಲಿದ್ದಾಳೆ. ಅಪ್ಪನಿಗೆ ಈ ಭಾಷೆ ಅರ್ಥವಾಗುತ್ತದಾ ಎಂದು ಮಾರ್ಸೆಲಕ್ಕ ಪಿಸುಗುಟ್ಟಿದಳು. ರೊಟ್ಟಿ ಅರ್ಥ ಆಗ್ತದೆ ಎಂದಳು ಅಮ್ಮ.

ಬಾಗಿಲು ಟಕ್ಕನೆ ಮುಚ್ಚಿತು. ನಾವು ಇಕ್ಕಟ್ಟಾದ ಆ ಪ್ಯಾಸೇಜಿನಲ್ಲಿ ಸಾಲಾಗಿ ನಿಂತೆವು. ಮಾಮನ ಬ್ಯಾಗು ಆಗಲೇ ಮುಂಬಾಗಿಲ ಬಳಿ ಸಿದ್ಧವಾಗಿತ್ತು, ಕೈಯಲ್ಲಿ ಕಾರಿನ ಕೀ. ಪ್ರತಿ ವರ್ಷ ಅವರು ನಿಲ್ಲುತ್ತಿದ್ದಷ್ಟು ಹೊತ್ತು ನಿಂತು, ಬಾಗಿಲು ತಟ್ಟಲು ಕೈ ಎತ್ತಿದರು. ಮಾರ್ಸೆಲಕ್ಕ ಅವರ ತೋಳು ಹಿಡಿಯಲಿಲ್ಲ, ಹಿಡಿಯಲು ಹೋದವಳ ಹಾಗೆ ಕೈ ಮುಂದೆ ಮಾಡಿ ನಿಲ್ಲಿಸಿದಳು.

“ಮಳೆ ಇದೆ ಅಲ್ಲಿ,” ಎಂದಳು. “ರಸ್ತೆ ಬಂದ್ ಇದ್ದರೆ ತಡವಾಗುತ್ತದೆ.”

ಮಾಮ ಎತ್ತಿದ ಕೈಯನ್ನು ಇಳಿಸಿದರು. ಕೀಯನ್ನು ಅಂಗಿಯ ಕಿಸೆಗೆ ಹಾಕಿ, ಗೋಡೆಗೆ ಬೆನ್ನು ಕೊಟ್ಟು, ಮುಂಡು ಮಡಿಸಿಕೊಂಡು ನೆಲದ ಮೇಲೆ ಕೂತರು.

“ಕಾಯುವ. ದೂರದವರು.”

ನಾವೂ ಕೂತೆವು. ಪಪ್ಪ ಹೋಗಿ ಒಲೆ ಆರಿಸಿ ಬಂದರು. ಪಕ್ಕದ ಮನೆಯವರ ಕಾರು ಬಂದು ನಿಂತಿತು, ಯಾರೋ ನಗುತ್ತಾ ಬೀಗ ತೆಗೆದು ಒಳಗೆ ಹೋದರು. ಕಿಟಕಿಯ ಬೆಳಕು ಪೂರ್ತಿ ಹೋಯಿತು, ಯಾರೂ ಲೈಟ್ ಹಾಕಲಿಲ್ಲ. ಕಾಯುವುದನ್ನು ನಾನು ಆಮೇಲೆ ಎಷ್ಟೋ ವ್ಯವಹಾರಗಳಲ್ಲಿ ಹತಾರವಾಗಿ ಬಳಸಿದ್ದೇನೆ, ಗೆದ್ದಿದ್ದೇನೆ ಕೂಡ. ಅವತ್ತಿನಂತೆ, ಗೆಲ್ಲಲು ಏನೂ ಇಲ್ಲದೆ ಒಬ್ಬರಿಗಾಗಿ ಸುಮ್ಮನೆ ಕಾದದ್ದು ಕಡಿಮೆ. ಕೊನೆಗೆ ಎದ್ದವಳು ಮಾರ್ಸೆಲಕ್ಕನೇ. ಬಾಗಿಲನ್ನು ಮೆಲ್ಲಗೆ ತಟ್ಟಿ, ತೆಗೆದು, ಒಬ್ಬಳೇ ಒಳಗೆ ಹೋದಳು. ಅವಳ ಭಾಷೆಯಲ್ಲಿ ಏನೋ ಚಿಕ್ಕದೊಂದು ಮಾತು ಹೇಳಿದ್ದು ಕೇಳಿಸಿತು. ಅದರ ಅರ್ಥ ನಾನು ಯಾವತ್ತೂ ಕೇಳಲಿಲ್ಲ. ಮಾಮ ಕಣ್ಣು ಮುಚ್ಚಿಕೊಂಡಿದ್ದರು.

ಅವಳು ಬಾಗಿಲ ಹತ್ತಿರದ ಎಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು ಅಡುಗೆಮನೆಯ ಮೇಜಿನ ಮುಂದೆ, ತನ್ನ ಹಳೆಯ ಜಾಗದಲ್ಲಿ ಕೂತಳು. ಅಮ್ಮ ತಿರುಗಿ ನೋಡಲಿಲ್ಲ. ಸಾರು ಬಿಸಿ ಮಾಡುವವಳ ಹಾಗೆ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು, ಒಲೆ ಇನ್ನೂ ಹಚ್ಚಿರಲಿಲ್ಲ. ಮಾಮ ಕೀ ಕಿಸೆಯಲ್ಲೇ ಇಟ್ಟುಕೊಂಡು ಬಾಗಿಲಲ್ಲಿ ನಿಂತರು. ಆಗ, ಅಷ್ಟು ದಿನಗಳ ಮೇಲೆ, ನಮ್ಮ ಮನೆಯಲ್ಲಿ ರೊಟ್ಟಿ ಮುರಿದ ಸದ್ದು ಕೇಳಿತು.